ಭಾವನ ಕಿಟಕಿಯ ಸಂದು

ನಮ್ಮ ಭಾವ ಮನುಷ್ಯರನ್ನು ಬಲು ಬೇಗ ನಂಬುತ್ತಾರೆ. ಅಂಟನ್ನು ಮಾತ್ರ ನಂಬುವುದಿಲ್ಲ. ಫ್ರಿಜ್ ರಿಪೇರಿಗೆ ಬಂದ ಅಪರಿಚಿತನನ್ನು ಅಡಿಗೆಮನೆಯಲ್ಲಿ ಬಿಟ್ಟು, 'ಹೋಗೋವಾಗ ಬಾಗಿಲು ಎಳ್ಕೊಂಡು ಹೋಗಪ್ಪ' ಎಂದು ಹೇಳಿ ತರಕಾರಿಗೆ ಹೊರಟುಬಿಡುವಷ್ಟು ಉದಾರಿ. ಆದರೆ ಕಿಟಕಿಯ ಸಂದಿಗೆ ತುಂಬುವ ಅಂಟು ಮನೆಯ ಗೇಟು ದಾಟಬೇಕಾದರೆ ಅದರ ಕುಲಗೋತ್ರ, ನಡತೆ, ಮಳೆಗಾಲದಲ್ಲಿ ಅದು ಹೇಗೆ ವರ್ತಿಸುತ್ತದೆ, ಬಿಸಿಲಿಗೆ ಮುಖ ಹಳದಿ ಮಾಡಿಕೊಳ್ಳುತ್ತದೆಯೇ, ಬೀದಿಯ ಧೂಳಿನ ಜೊತೆ ಸಹವಾಸ ಮಾಡುತ್ತದೆಯೇ, ಎಲ್ಲವೂ ವಿಚಾರಣೆಯಾಗಲೇಬೇಕು. ಹೆಣ್ಣಿಗೆ ಗಂಡು ಹುಡುಕುವವರು ಕೂಡ ಇಷ್ಟು ಕೇಳುವುದಿಲ್ಲ. ನನಗೆ ಹೆಣ್ಣು ನೋಡಲು ಹೋದಾಗಲಂತೂ ಅವರು ಖಂಡಿತ ಕೇಳಲಿಲ್ಲ!

ಆ ಪ್ರಸಂಗವನ್ನು ಹೇಳಿಯೇ ಮುಂದೆ ಹೋಗುತ್ತೇನೆ. ಕೆ.ಆರ್. ಪುರದ ಆ ಮನೆಯಲ್ಲಿ ನಾವೆಲ್ಲ ಉಪ್ಪಿಟ್ಟಿನ ತಟ್ಟೆ ಹಿಡಿದು ಹುಡುಗಿಯ ಕಡೆ ನೋಡುತ್ತಿದ್ದರೆ, ಭಾವ ಬಾಗಿಲ ಚೌಕಟ್ಟಿನ ಕಡೆ ನೋಡುತ್ತಿದ್ದರು. ನಡುವೆ ಎದ್ದು ಹೋಗಿ ಅದರ ಮೂಲೆಯನ್ನು ಉಗುರಿನಿಂದ ಕೆರೆದೂ ನೋಡಿದರು. ಹುಡುಗಿಯ ತಂದೆ ಗಾಬರಿಯಾಗಿ 'ಗೆದ್ದಲೇನಾದರೂ...' ಎಂದು ತೊದಲಿದರು. ಭಾವ ನೇರ ಬಂದು ನನ್ನ ಕಿವಿಯಲ್ಲಿ, "ಒಪ್ಕೊಂಡ್ಬಿಡು ಮಾರಾಯ. ಮರಕ್ಕೂ ಗೋಡೆಗೂ ನಡುವೆ ಕೂದಲು ಹೋಗೋಷ್ಟೂ ಜಾಗ ಇಲ್ಲ. ಇಂಥ ಮನೆಯವರು ಮಗಳನ್ನೂ ಅಚ್ಚುಕಟ್ಟಾಗೇ ಬೆಳೆಸಿರ್ತಾರೆ" ಎಂದರು. ನಾನು ಒಪ್ಪಿದೆ. "ನನ್ನನ್ನ ಪಾಸು ಮಾಡಿಸಿದ್ದು ನಮ್ಮಪ್ಪನ ಮೇಸ್ತ್ರಿ" ಎಂದು ನನ್ನ ಹೆಂಡತಿ ಇವತ್ತಿಗೂ ಹೇಳುತ್ತಾಳೆ.

ಇದಕ್ಕೆ ಭಾವನ ಉದ್ಯೋಗವೇ ಕಾರಣ ಎಂದು ನಾವು ಬಹುಕಾಲ ನಂಬಿದ್ದೆವು. ಸರ್ಕಾರಿ ಕಾರ್ಖಾನೆಯೊಂದರ ತಪಾಸಣಾ ವಿಭಾಗದಲ್ಲಿದ್ದು ನಿವೃತ್ತರಾದವರು. ಬೇರೆಯವರು ಮಾಡಿದ್ದನ್ನು ಬೇಡವೆನ್ನುವುದಕ್ಕೆ ಸಂಬಳ ಪಡೆದ ಜೀವ. ಅಂಥವರಿಗೆ ನಿವೃತ್ತಿಯೆಂಬುದು ಎಲ್ಲಿದೆ? ಕಾರ್ಖಾನೆ ತಪ್ಪಿಸಿಕೊಂಡಿತು, ಸಂಸಾರ ಸಿಕ್ಕಿಬಿತ್ತು.

ಅವರ ಮನೆ ಇರುವುದು ಹಲಸೂರಿನಲ್ಲಿ, ದೇವಸ್ಥಾನದ ಬೀದಿಗೆ ಸೇರುವ ಒಂದು ಅಡ್ಡರಸ್ತೆಯಲ್ಲಿ. ಕಟ್ಟಿಸಿದವರು ಅವರ ತಂದೆ. ದಂಡಿನ ಬ್ರಿಟಿಷರ ಬಂಗಲೆಗಳನ್ನು ನೋಡಿ ಆಸೆಪಟ್ಟು, ಕಿಟಕಿಗಳ ಸುತ್ತ ಅಗಲವಾದ ತೇಗದ ಪಟ್ಟಿ, ಮೇಲೆ ಟೋಪಿ ಇಟ್ಟಂತೆ ಮರದ ಜಾಲರಿ ಮಾಡಿಸಿದ್ದರು. ಆ ಮರದ ಮೇಲೆ ನಾವ್ಯಾರೂ ಇವತ್ತಿನವರೆಗೆ ಬಣ್ಣ ಕಂಡಿಲ್ಲ. 'ತೇಗಕ್ಕೆ ಬಣ್ಣ ಬಳಿಯುವುದು ಪಾಪ' ಎಂಬುದು ಭಾವನ ಏಕಸೂತ್ರ ಧರ್ಮ. ಅವರ ತಾಯಿ ಬದುಕಿರುವವರೆಗೂ 'ಊರಲ್ಲೆಲ್ಲಾ ಹಬ್ಬಕ್ಕೆ ಬಣ್ಣ ಹೊಡೆಸ್ತಾರೆ, ನಮ್ಮನೆ ಕಿಟಕಿಗೆ ಮಾತ್ರ ಸೂತಕ' ಎಂದು ಗೊಣಗಿದರು. ಮಗ ಜಗ್ಗಲಿಲ್ಲ.

ಆದರೆ ಧರ್ಮ ಸಂಕಟವಿಲ್ಲದೆ ಇರುತ್ತದೆಯೇ? ವರ್ಷಗಳು ಕಳೆದಂತೆ ಮರ ಒಣಗಿ ಒಂದು ಕಡೆ ಸರಿಯಿತು, ಗೋಡೆ ಇನ್ನೊಂದು ಕಡೆ. ಇವೆರಡರ ನಡುವಿನ ಸಂದಿನಲ್ಲಿ ಮಳೆನೀರು ಇಳಿದು, ಅಕ್ಕ ಮಲಗುವ ಕೋಣೆಯ ಗೋಡೆ ಒದ್ದೆಯಾಗತೊಡಗಿತು. ಅಕ್ಕನಿಗೆ ಉಬ್ಬಸ. ಗೋಡೆ ಬೂಷ್ಟು ಹಿಡಿದರೆ ಅವಳ ಎದೆ ಸೀಟಿ ಹೊಡೆಯುತ್ತದೆ. ಹೋದ ವರ್ಷ ಒಬ್ಬ ಬಡಗಿಯಿಂದ ಆ ಸಂದಿಗೆ ಸಿಲಿಕೋನ್ ತುಂಬಿಸಿದರು. ಹಾಕಿದಾಗ ಹಾಲಿನಂತೆ ಬೆಳ್ಳಗಿತ್ತು. ಮೇಲೆ ಬಣ್ಣ ಬಳಿಯುವುದಿದ್ದರೆ ಅದರ ಬಣ್ಣ ಯಾರು ಕೇಳುತ್ತಿದ್ದರು? ಇಲ್ಲಿ ಅದು ಬೀದಿಗೆ ಬೆತ್ತಲೆ ನಿಂತಿತ್ತು. ಹಲಸೂರಿನ ಬಸ್ಸು, ಆಟೋ, ಲಾರಿಗಳ ಹೊಗೆಯನ್ನೂ ಧೂಳನ್ನೂ ಪ್ರೀತಿಯಿಂದ ಅಪ್ಪಿಕೊಂಡು, ಕೆಲವೇ ತಿಂಗಳಲ್ಲಿ ಪ್ರತಿಯೊಂದು ಕಿಟಕಿಯೂ ದಪ್ಪನೆಯ ಕಾಡಿಗೆ ತೀಡಿಕೊಂಡ ನಾಟಕದ ರಾಜಕುಮಾರಿಯಂತೆ ಕಾಣತೊಡಗಿತು. ಮಳೆಗಾಲ ಬರುವ ಹೊತ್ತಿಗೆ ಅಂಟು ಅಲ್ಲಲ್ಲಿ ಕಿತ್ತೂ ಹೋಗಿತ್ತು. "ಅಂಟು ಸರಿ ಇರ್ಲಿಲ್ಲ" ಎಂದು ಭಾವ ಎಲ್ಲರೆದುರು ತೀರ್ಪಿತ್ತರು. ಗೋಡೆ ನೆನೆಯಿತು. ಡಾಕ್ಟರು 'ಈ ಕೋಣೆಯಲ್ಲಿ ಇವರು ಇರಕೂಡದು' ಎಂದರು. ಅಕ್ಕ ಬಟ್ಟೆ ಕಟ್ಟಿಕೊಂಡು ಬಾಣಸವಾಡಿಯ ನಮ್ಮ ಮನೆಗೆ ಬಂದಳು.

ಮಳೆಗಾಲವೆಲ್ಲ ಇದ್ದಳು. ತಮ್ಮನ ಮನೆಯೇ ಆದರೂ ಅವಳು ಕೂತದ್ದು ಕುರ್ಚಿಯ ತುದಿಯಲ್ಲಿ. ಫೋನಿನಲ್ಲಿ ತನ್ನ ತುಳಸಿ ಗಿಡದ ಯೋಗಕ್ಷೇಮ ವಿಚಾರಿಸಿಕೊಂಡು, 'ಮಳೆ ನಿಲ್ತಾ? ಗೋಡೆ ಒಣಗ್ತಾ?' ಎಂದು ದಿನವೂ ಕೇಳುತ್ತ ದಿನ ದೂಡಿದಳು. ಭಾವ ಸಂಜೆ ಸಂಜೆ ಬಸ್ಸಿನಲ್ಲಿ ಬಂದು ಅವಳೊಂದಿಗೆ ಊಟ ಮಾಡಿ ವಾಪಸಾಗುತ್ತಿದ್ದರು. ಬಂದವರು ಸುಮ್ಮನಿರುತ್ತಿದ್ದರೇ? ನಮ್ಮ ಮನೆಯ ಒಂದೊಂದು ಕಿಟಕಿಯ ಅಂಚಿಗೂ ಹೆಬ್ಬೆರಳು ಒತ್ತಿ ನೋಡಿ ನಿಟ್ಟುಸಿರು ಬಿಡುತ್ತಿದ್ದರು. "ಅಕ್ಕ ಬಂದಿರೋದು ನನಗೆ ಸಂತೋಷಾನೇ ರೀ," ಎಂದಳು ನನ್ನ ಹೆಂಡತಿ. "ಆದ್ರೆ ಭಾವ ಬಂದಾಗೆಲ್ಲ ನಮ್ಮನೆ ನಾಪಾಸಾಗುತ್ತೆ."

ಈ ವರ್ಷ ಬೇಸಿಗೆ ಇಳಿಯುತ್ತಿದ್ದಂತೆಯೇ, ಹಲಸೂರಿಗೆ ಹಿಂದಿರುಗಿದ್ದ ಅಕ್ಕ ಒಂದು ಮಾತು ಹೇಳಿದಳು: "ಇನ್ನೊಂದು ಮಳೆಗಾಲ ನಾನು ನನ್ನ ಮನೆ ಬಿಟ್ಟು ಹೋಗಲ್ಲ. ಹೋದ್ರೆ ವಾಪಸ್ ಬರೋ ಧೈರ್ಯ ಇರಲ್ಲ." ಅವಳು ಹೇಳಿದ್ದು ಸೊಪ್ಪು ಬಿಡಿಸುತ್ತ, ಯಾರ ಮುಖವನ್ನೂ ನೋಡದೆ. ಭಾವ ಆ ಕ್ಷಣವೇ ಚಪ್ಪಲಿ ಮೆಟ್ಟಿದರು. ಜೊತೆಗೆ ಸಾಕ್ಷಿಯಾಗಿ ನನ್ನನ್ನು ಎಳೆದುಕೊಂಡರು.

ಮೊದಲು ಸಿಕ್ಕವನು ಬಣ್ಣದ ಮೇಸ್ತ್ರಿ. "ಯೋಚ್ನೆ ಯಾಕ್ ಸಾರ್? ಯಾವ ಅಂಟಾದ್ರೂ ತುಂಬಿ, ಮೇಲೆ ಎರಡು ಕೋಟ್ ಪೇಂಟ್ ಎಳೆದ್ಬಿಡ್ತೀನಿ. ಕರೆನೂ ಕಾಣಲ್ಲ, ಸಂದೂ ಕಾಣಲ್ಲ" ಎಂದ. ಭಾವ ಅವನನ್ನು ನೋಡಿದ ನೋಟವನ್ನು ನಾನು ಹಿಂದೆ ಒಮ್ಮೆ ಮಾತ್ರ ಕಂಡಿದ್ದೆ, ಮದುವೆ ಊಟದಲ್ಲಿ ಬಡಿಸುವವನು ಅವರ ಪಾಯಸಕ್ಕೆ ಸಾರು ಸುರಿದಾಗ.

ಅಲ್ಲಿಂದ ಶಿವಾಜಿನಗರ. ಮಾರ್ಕೆಟ್ಟಿನ ಹಿಂದಿನ ಗಲ್ಲಿಯೊಂದರಲ್ಲಿ ಹಾರ್ಡ್‌ವೇರ್ ಅಂಗಡಿ. ಮಾಲೀಕರು ಬಿಳಿಗಡ್ಡದ, ತಾಳ್ಮೆಯ ಸಾಹೇಬರು. ಅವರ ತಾಳ್ಮೆಗೆ ಅವತ್ತು ವಾರ್ಷಿಕ ಪರೀಕ್ಷೆ. ಭಾವ ಒಂದೊಂದೇ ಟ್ಯೂಬಿನ ಮೂತಿ ಕೊಯ್ಯಿಸಿ, ಮೂಗಿನ ಬಳಿ ಹಿಡಿದು ಕಣ್ಣು ಮುಚ್ಚಿ ಮೂಸತೊಡಗಿದರು. ಒಂದಕ್ಕೆ 'ಹುಳಿ' ಎಂದರು. ಇನ್ನೊಂದಕ್ಕೆ 'ಘಾಟು' ಎಂದರು.

"ಸಾರ್, ಅತ್ತರ್ ಅಂಗಡಿ ಪಕ್ಕದ ಗಲ್ಲೀಲಿ ಇದೆ" ಎಂದರು ಸಾಹೇಬರು.

"ತಮಾಷೆ ಬೇಡ ಸಾಹೇಬ್ರೆ. ನನಗೆ ಬೇಕಾಗಿರೋದು ಇಷ್ಟೇ. ಗೋಡೆಗೆ ಅಂಟ್ಬೇಕು. ಮರಕ್ಕೆ ಅಂಟ್ಬೇಕು. ಧೂಳಿಗೆ ಅಂಟ್ಬಾರ್ದು. ಮೇಲೆ ಬಣ್ಣ ಹಚ್ಚಲ್ಲ, ಹಂಗೇ ಇರುತ್ತೆ. ವರ್ಷಗಟ್ಲೆ ಕ್ಲೀನಾಗಿರ್ಬೇಕು."

ಸಾಹೇಬರು ಗಡ್ಡ ನೀವಿಕೊಂಡರು. "ಮನೇಗೆ ಅಂಟ್ಕೊಂಡಿರ್ಬೇಕು, ಬೀದಿ ಸಹವಾಸ ಮಾಡ್ಬಾರ್ದು, ಮುಖ ತೊಳೆದಂಗೆ ಇರ್ಬೇಕು. ಸಾರ್, ಹಂಗಿರೋದು ಸಿಕ್ಕಿದ್ರೆ ನನಗೂ ಹೇಳಿ. ನನ್ನ ಚಿಕ್ಕ ಮಗಳಿಗೆ ಇನ್ನೂ ನಿಕಾ ಆಗಿಲ್ಲ!"

ಕೊನೆಗೆ ಅವರು ಕಪಾಟಿನ ತಳದಿಂದ ಮರದ ಬಣ್ಣದ ಒಂದು ಟ್ಯೂಬು ತೆಗೆದು, "ಇದು ಹೈಬ್ರಿಡ್ ಸಾರ್, ಎರಡು ಜಾತಿ ಅಂಟು ಬೆರೆಸಿ ಮಾಡಿರೋದು, ಹೊಸದು" ಎಂದರು. ಭಾವ ಮುಖ ಕಿವುಚಿದರು. "ಹೈಬ್ರಿಡ್ ಟೊಮೇಟೊನೇ ನಮ್ಮನೇಲಿ ತರಲ್ಲ" ಎಂದರು. ಆದರೂ ಮೂಸಿದರು. ಮತ್ತೊಮ್ಮೆ ಮೂಸಿದರು. ಚೀಲಕ್ಕೆ ಹಾಕಿಕೊಂಡರು. ಇತರ ಜಾತಿಗಳನ್ನೂ ಒಂದೊಂದು ಕೊಂಡರು. ಅಂಗಡಿ ಬಿಟ್ಟು ಹೊರಡುವಾಗ ಸಾಹೇಬರು ಎರಡೂ ಕೈ ಎತ್ತಿ ಏನೋ ಪ್ರಾರ್ಥಿಸಿದರು. ನಮ್ಮ ಒಳಿತಿಗೋ, ನಾವು ಮತ್ತೆ ಬಾರದಿರಲೆಂದೋ, ತಿಳಿಯಲಿಲ್ಲ.

ಇನ್ನು ಪರೀಕ್ಷೆ. ಭಾವ ಒಂದು ತೇಗದ ಹಲಗೆ ಸಂಪಾದಿಸಿ, ಅದರ ಮೇಲೆ ಒಂದೊಂದು ಅಂಟಿನ ಒಂದೊಂದು ಗೆರೆಯನ್ನು ಅಡ್ಡಡ್ಡವಾಗಿ ಎಳೆದರು. ಮೇಲುಗಡೆ ಬಿಳಿಯವು, ಕೆಳಗೆ ಬೂದು ಬಣ್ಣದ್ದು, ಪಾರದರ್ಶಕದ್ದು, ಕಟ್ಟಕಡೆಗೆ ಹೈಬ್ರಿಡ್. ಬಸ್ಸಿನ ಹೊಗೆ ನೇರವಾಗಿ ಮುಖಕ್ಕೆ ಬಡಿಯುವಂತೆ ಗೇಟಿನ ಪಕ್ಕದ ಕಂಬಕ್ಕೆ ತೂಗುಹಾಕಿದರು. "ಬೀದಿ ಕೊಡೋ ತೀರ್ಪೇ ಅಂತಿಮ" ಎಂದರು. ಬೆಳಗ್ಗೆ ಸಂಜೆ ಭೂತಗನ್ನಡಿ ಹಿಡಿದು ದರ್ಶನ ಮಾಡುತ್ತಿದ್ದರು.

ದರ್ಶನ ಮಾಡುತ್ತಿದ್ದವರು ಅವರೊಬ್ಬರೇ ಅಲ್ಲ ಎಂಬುದು ಒಂದು ಸೋಮವಾರ ಬೆಳಗ್ಗೆ ತಿಳಿಯಿತು. "ಏ, ಬೇಗ ಬಾರೋ! ಸ್ಯಾಂಪಲ್ ಹಾಳಾಗೋಯ್ತು!" ಎಂದು ಭಾವ ಫೋನಿನಲ್ಲಿ ಕೂಗಿದ ರಭಸಕ್ಕೆ ನಾನು ಮನೆಗೇ ಕಳ್ಳರು ನುಗ್ಗಿದರೆಂದುಕೊಂಡು ಓಡಿದೆ. ಹೋಗಿ ನೋಡಿದರೆ, ಹಲಗೆಯ ಮೇಲೆ ಒಂದು ಗೆರೆಯನ್ನೂ ಬಿಡದೆ ಅರಿಶಿನ ಸವರಿ ನಡುವೆ ಕುಂಕುಮ ಇಡಲಾಗಿದೆ. ನೆತ್ತಿಯಲ್ಲಿ ಒಂದು ಮೊಳ ಮಲ್ಲಿಗೆ. ಕೆಳಗೆ ಕರ್ಪೂರ ಉರಿದ ಗುರುತು. ಆಗ ನನ್ನ ಕಣ್ಣು ತೆರೆಯಿತು. ಮೇಲಿನ ಮೂರು ಬಿಳಿಯ ಅಡ್ಡಗೆರೆಗಳು! ಸೋಮೇಶ್ವರನ ಗುಡಿಗೆ ಹೋಗುವ ದಾರಿಯಲ್ಲಿ, ಕಂದು ಮರದ ಹಣೆಯ ಮೇಲೆ, ಮೂರು ಬಿಳಿ ಗೆರೆ. ಅದು ವಿಭೂತಿಯಲ್ಲದೆ ಮತ್ತೇನು?

ಅಷ್ಟರಲ್ಲಿ ಒಬ್ಬ ಆಟೋದವನು ಗಾಡಿ ನಿಧಾನ ಮಾಡಿ, ಹಲಗೆಗೆ ಕೈಮುಗಿದು, ಬೆರಳನ್ನು ಕಣ್ಣಿಗೊತ್ತಿಕೊಂಡು ಹೋದ. ಭಾವ ಗೇಟು ಹಿಡಿದು ನಿಂತಿದ್ದರು. ಗುಡಿಯ ಮುಂದೆ ಹೂ ಮಾರುವ ತಮಿಳು ಮುದುಕಿ ಬುಟ್ಟಿ ಸಮೇತ ಬಂದು ಅವರನ್ನೇ ತರಾಟೆಗೆ ತೆಗೆದುಕೊಂಡಳು.

"ಏನ್ ಸಾರ್, ವೀಟು ಮುಂದೆ ಸಾಮಿ ಇಟ್ಟು, ಒಂದು ಹೂವು ಕೂಡ ಇಡಲ್ಲ ನೀವು? ಡೈಲಿ ಪಾತ್ತು ಪಾತ್ತು, ನೋಡಿ ನೋಡಿ ನಂಗೇ ಬೇಜಾರ್ ಆಯ್ತು. ಅದಕ್ಕೇ ನಾನೇ ಪೂಜೆ ಮಾಡ್ಬಿಟ್ಟೆ."

"ಅಮ್ಮಾ, ಇದು ಈಶ್ವರ ಅಲ್ಲಮ್ಮಾ. ಸಿಲಿಕೋನು."

"ಯಾವ ಪೇರ್ ಇಟ್ಟು ಕೂಗಿದ್ರೂ ಸಾಮಿ ಒಬ್ರೇ ತಾನೇ ಸಾರ್?"

ಅಕ್ಕ ಬಾಗಿಲಲ್ಲಿ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಭಾವ ಮಾತ್ರ ಆಕಾಶ ನೋಡಿದರು. ಮೂಡಣದಲ್ಲಿ ಮೋಡ ಕಟ್ಟುತ್ತಿತ್ತು. "ಮತ್ತೆ ಮೊದಲಿಂದ ಪರೀಕ್ಷೆ ಮಾಡೋಕೆ ಟೈಮಿಲ್ಲ" ಎಂದ ಅವರ ದನಿಯಲ್ಲಿ ನಗುವಂಥದ್ದೇನೂ ಇರಲಿಲ್ಲ. ನಾನೂ ನಗು ನುಂಗಿಕೊಂಡೆ.

ಮುದುಕಿ ಹೋದ ಮೇಲೆ ಒದ್ದೆ ಬಟ್ಟೆ ತಂದು, ಕನಿಷ್ಠ ಹಲಗೆಯನ್ನಾದರೂ ಉಳಿಸಿಕೊಳ್ಳೋಣವೆಂದು ಒರೆಸತೊಡಗಿದರು. ಮೊದಲ ಬಿಳಿ ಗೆರೆ ಕುಂಕುಮವನ್ನು ಬಿಡಲಿಲ್ಲ, ಉಜ್ಜಿದಷ್ಟೂ ಗುಲಾಬಿಯಾಯಿತು. ಎರಡನೆಯದು ಅರಿಶಿನವನ್ನು ಕುಡಿದು ಮದುಮಗಳಂತೆ ಕೂತಿತ್ತು. ಮೂರನೆಯದು ಇನ್ನೂ ಆರದೆ ಮಲ್ಲಿಗೆಯ ಎಸಳುಗಳನ್ನೇ ಹಿಡಿದುಕೊಂಡಿತ್ತು. ಬೂದು ಬಣ್ಣದ್ದು, ಪಾರದರ್ಶಕದ್ದು, ಎಲ್ಲವೂ ಹೋಳಿ ಆಡಿ ಬಂದಂತೆ. ಕಡೆಯದಾಗಿ ಹೈಬ್ರಿಡ್. ಭಾವ ಬಟ್ಟೆ ಎಳೆದರು. ಒಂದೇ ಎಳೆತ. ಅರಿಶಿನವೂ ಇಲ್ಲ, ಕುಂಕುಮವೂ ಇಲ್ಲ, ಅಷ್ಟು ದಿನದ ಬಸ್ಸಿನ ಹೊಗೆಯೂ ಇಲ್ಲ!

ಭಾವನ ಕೈ ನಿಂತಿತು. ಮತ್ತೊಮ್ಮೆ ಒರೆಸಿದರು. ಭೂತಗನ್ನಡಿ ತರಿಸಿ ನೋಡಿದರು. ಆಮೇಲೆ ನ್ಯಾಯಾಧೀಶರ ಗಾಂಭೀರ್ಯದಿಂದ ನನ್ನ ಕಡೆ ತಿರುಗಿ, "ಅರಿಶಿನದ ಕಲೆ ಹೋಗುತ್ತೆ ಅಂದ್ರೆ ಇನ್ನು ಧೂಳು ಯಾವ ಲೆಕ್ಕ? ಆಯಮ್ಮ ಮಾಡಿದಷ್ಟು ಕಠಿಣವಾದ ಟೆಸ್ಟು ನಮ್ಮ ಫ್ಯಾಕ್ಟರೀಲಿ ಯಾರೂ ಮಾಡಿರ್ಲಿಲ್ಲ ಕಣೋ. ಒಂದು ಗೆರೆಗೂ ಪಕ್ಷಪಾತ ಮಾಡಿಲ್ಲ!" ಎಂದರು. ಅವತ್ತೇ ಗುಡಿಯ ಮುಂದೆ ಹೋಗಿ ಮುದುಕಿಯಿಂದ ಬುಟ್ಟಿಯಲ್ಲಿದ್ದ ಹೂವೆಲ್ಲ ಕೊಂಡರು. ಹಲಗೆಯನ್ನು ಅವಳೇ ಕೇಳಿ ಪಡೆದಳು. ಈಗ ಅದು ಗುಡಿಯ ಬೀದಿಯ ಅರಳಿಕಟ್ಟೆಯ ಮೇಲೆ ವಿರಾಜಮಾನವಾಗಿದೆ. ಹಾಲಿನ ಅಭಿಷೇಕವೂ ಆಗುತ್ತದಂತೆ. ಇನ್ನೂ ಎಲ್ಲೂ ಬಿರುಕು ಬಿಟ್ಟಿಲ್ಲವೆಂದು ಭಾವನ ವರದಿ.

ಅಂಟು ಹಾಕುವ ಕೆಲಸವನ್ನು ಅವರು ಯಾರಿಗೂ ಬಿಟ್ಟುಕೊಡಲಿಲ್ಲ. ಹಳೆಯ ಸಿಲಿಕೋನನ್ನು ಕೆರೆದು, ಮರವನ್ನೂ ಗೋಡೆಯನ್ನೂ ಒಣಗಿಸಿ, ಎರಡೂ ಬದಿಗೆ ಕಾಗದದ ಟೇಪು ಹಚ್ಚಿ, ಏಣಿಯ ಮೇಲೆ ನಿಂತು ಅಂಟನ್ನು ಕೋನಿನಿಂದ ಮೆಹಂದಿ ಬಿಡುವವರ ಹಾಗೆ ಬಿಟ್ಟರು. ನನ್ನ ಪಾಲಿಗೆ ಏಣಿ ಹಿಡಿಯುವ ಕೆಲಸ. "ಅಲ್ಲಾಡ್ಬೇಡ." "ಅಲ್ಲಾಡ್ತಿಲ್ಲ ಭಾವ." "ಉಸಿರಾಡ್ತಿದ್ದೀಯಲ್ಲ, ಅದು ಏಣಿಗೆ ಗೊತ್ತಾಗುತ್ತೆ." ಹೀಗೆ. ಮೋಡ ಹತ್ತಿರ ಬಂದಷ್ಟೂ ಅವರು ನಿಧಾನವಾದರು. ಕೊನೆಯ ಸಂದನ್ನು ಹೆಬ್ಬೆರಳಿನಿಂದ ಸವರಿ ಟೇಪು ಕಿತ್ತಾಗ, ಮರ ಎಲ್ಲಿ ಮುಗಿಯಿತು, ಅಂಟು ಎಲ್ಲಿ ಶುರುವಾಯಿತು ಎಂದು ನನಗಂತೂ ಹೇಳಲಾಗಲಿಲ್ಲ.

ಅಂಟು ಪೂರ್ತಿ ಆರುವಷ್ಟು ಕಾಲ ಕೊಟ್ಟ ಮಳೆ, ಒಂದು ಮಧ್ಯಾಹ್ನ ಸಾಲ ವಸೂಲಿಗೆಂಬಂತೆ ಬಂತು. ನಾನು ಅಲ್ಲೇ ಇದ್ದೆ. ಎರಚಲು ನೇರ ಕಿಟಕಿಗೇ ಹೊಡೆಯುತ್ತಿತ್ತು. ಹೊರಗೆ ಭಾವ ಛತ್ರಿ ಹಿಡಿದು ಒಂದೊಂದು ಸಂದನ್ನೂ ನೋಡುತ್ತ ನಿಂತಿದ್ದರು. ಛತ್ರಿ ಎತ್ತಿ ನೋಡಬೇಕಾದ್ದರಿಂದ ಪೂರ್ತಿ ನೆನೆದಿದ್ದರು. ಒಳಗೆ ನಾನೂ ಅಕ್ಕನೂ ಗೋಡೆಗೆ ಅಂಗೈ ಒತ್ತಿಕೊಂಡು ನಿಂತೆವು. ಹೋದ ವರ್ಷ ಈ ಹೊತ್ತಿಗೆ ನೀರು ಗೆರೆಯಾಗಿ ಇಳಿಯುತ್ತಿದ್ದ ಜಾಗ. ಮಳೆ ಬಿರುಸಾಯಿತು. ಗುಡುಗಿತು. ಕರೆಂಟು ಹೋಯಿತು. ಗೋಡೆ ಬೆಚ್ಚಗೆ ಒಣಗಿಯೇ ಇತ್ತು. ಅಷ್ಟು ಹೊತ್ತು ನಾನು ಹಿಡಿದುಕೊಂಡಿದ್ದ ಉಸಿರು ಹೊರಬಂದದ್ದು ಏಣಿಗೂ ಕೇಳಿಸಿರಬೇಕು.

"ಅಬ್ಬಾ!" ಎಂದೆ. "ಈ ಮನುಷ್ಯನ ಮರದ ಹುಚ್ಚು ಅಂತೂ ನಿನ್ನನ್ನ ಮನೇಲಿ ಉಳಿಸ್ತು ಕಣೇ."

"ಮರದ ಹುಚ್ಚು ಯಾರಿಗೋ?" ಎಂದಳು ಅಕ್ಕ, ಗೋಡೆಯಿಂದ ಕೈ ತೆಗೆಯದೆ. "ಮದುವೆಯಾದಾಗ ತೇಗ ಯಾವುದು ಹಲಸು ಯಾವುದು ಅಂತ್ಲೇ ಅವರಿಗೆ ಗೊತ್ತಿರ್ಲಿಲ್ಲ."

ನಾನು ಅವಳ ಮುಖ ನೋಡಿದೆ.

"ಹೋದ ವರ್ಷ ಅಂಟು ಕಿತ್ತು ಬಂತಲ್ಲ, ಅದು ಅಂಟಿನ ತಪ್ಪಲ್ಲ. ಆ ಕಪ್ಪು ನೋಡಲಾರದೆ ನಾನೇ ಅವರಿಲ್ಲದಾಗ ಸ್ಟೂಲ್ ಹತ್ತಿ ಬ್ರಷ್ ಹಾಕಿ ಉಜ್ಜಿದ್ದೆ. ಧೂಳು ಕುಡಿದು ಎದೆ ಕಟ್ತು, ಸಂದೂ ಬಾಯಿಬಿಡ್ತು. ಕರೆ ಕಂಡ್ರೆ ನನ್ನ ಕೈ ಸುಮ್ನಿರಲ್ಲ ಅಂತ ಅವರಿಗೆ ಗೊತ್ತು. ಹಾಗಂತ ಒಂದು ಮಾತು ಅಂದಿಲ್ಲ. ಊರಿಗೆಲ್ಲ ಅಂಟು ಸರಿ ಇರ್ಲಿಲ್ಲ ಅಂದ್ರು."

ಹೊರಗಿನಿಂದ ಭಾವ ಕೂಗಿದರು: "ಇಳೀತಿದೆಯಾ?"

"ಇಲ್ಲಾ ರೀ! ಒಳಗ್ ಬನ್ನಿ!" ಎಂದು ಕೂಗಿ, ಅಕ್ಕ ದನಿ ತಗ್ಗಿಸಿದಳು. "ಬಣ್ಣದ ಕಥೆನೂ ಅದೇ. ಮನೆ ಮುಗಿದ ಹೊಸದು, ನಾನೂ ಹೊಸಬಳು. ಒಂದು ಕಿಟಕಿಗೆ ಪೇಂಟು ಹೊಡೆದಿದ್ರು, ಅಷ್ಟೇ. ಆ ವಾಸನೆಗೆ ನಂಗೆ ಉಸಿರೇ ನಿಂತೋಯ್ತು. ಆಸ್ಪತ್ರೆ ಸೇರಿದ್ದೆ. ನಿಮಗೂ ಅತ್ತೆಗೂ ಜ್ವರ ಅಂತ ಹೇಳಿದ್ವಿ. ವಾಪಸ್ ಬರೋಷ್ಟರಲ್ಲಿ ಆ ಕಿಟಕಿ ಬಣ್ಣಾನೂ ಮರಳು ಕಾಗದ ಹಾಕಿ ಉಜ್ಜಿ ತೆಗೆದಿದ್ರು. ಅತ್ತೆ ಕೇಳಿದ್ದಕ್ಕೆ, ತೇಗಕ್ಕೆ ಬಣ್ಣ ಹೊಡೆಯೋದು ಪಾಪ ಅಂದ್ರಂತೆ. ಸೊಸೆ ರೋಗಿಷ್ಟೆ ಅನ್ನಿಸ್ಕೋಬಾರ್ದು ಅಂತ, ಮಗ ಹುಚ್ಚ ಅನ್ನಿಸ್ಕೊಂಡ್ರು."

"ನಿಂಗೆ ಯಾರು ಹೇಳಿದ್ರು? ಭಾವಾನಾ?"

"ಅವರೆಲ್ಲಿ ಹೇಳ್ತಾರೆ? ನಾನೂ ಕೇಳಿಲ್ಲ. ನನಗೆ ಗೊತ್ತು ಅಂತ ನೀನೂ ಹೇಳ್ಬೇಡ."

ಭಾವ ಬಂದರು. ತಲೆಯಿಂದ ನೀರು ಸುರಿಯುತ್ತಿತ್ತು. ನಮ್ಮಿಬ್ಬರನ್ನೂ ಪಕ್ಕಕ್ಕೆ ಸರಿಸಿ, ಮಗುವಿನ ಹಣೆ ಮುಟ್ಟಿ ಜ್ವರ ನೋಡುವವರಂತೆ ಗೋಡೆಯನ್ನು ಮುಟ್ಟಿದರು. ಮೇಲೆ, ಕೆಳಗೆ, ಮೂಲೆಯಲ್ಲಿ. ಆಮೇಲೆ ಕುರ್ಚಿಯ ಮೇಲೆ ಕುಸಿದು ಕೂತು, ತೊಡೆ ತಟ್ಟಿಕೊಂಡು ನನಗೆ ಹೇಳಿದರು:

"ನೋಡಿದ್ಯಾ? ತೇಗದ ಮರ್ಯಾದೆ ಉಳೀತು!"

ಬೇರೆ ದಿನವಾಗಿದ್ದರೆ ನನ್ನ ಬಳಿ ಇದಕ್ಕೆ ಹತ್ತು ಉತ್ತರಗಳಿರುತ್ತಿದ್ದವು. "ಉಳೀತು ಭಾವ" ಎಂದೆ.

ಅಕ್ಕ ಟವಲು ತಂದು, "ಮರಕ್ಕೇನೋ ನೀರು ಇಳೀಲಿಲ್ಲ, ನಿಮ್ಮ ತಲೆಗೆ ಯಾರು ಅಂಟು ಹಚ್ಚೋದು?" ಎನ್ನುತ್ತ ಅವರ ತಲೆಯನ್ನು ಗಸಗಸ ಒರೆಸತೊಡಗಿದಳು. ಟವಲಿನೊಳಗಿಂದ ಭಾವ ಏನೋ ಗಂಭೀರವಾಗಿ ವಾದಿಸಿದರು; ಒಂದಕ್ಷರವೂ ಅರ್ಥವಾಗಲಿಲ್ಲ. ಅಕ್ಕ ನಕ್ಕಳು, ಹೊಟ್ಟೆ ಹಿಡಿದುಕೊಂಡು, ಜೋರಾಗಿ. ನಕ್ಕು ಮುಗಿದ ಮೇಲೆ ಬರಬೇಕಾದ ಕೆಮ್ಮಿಗಾಗಿ ಭಾವನೂ ನಾನೂ ಅಭ್ಯಾಸಬಲದಿಂದ ಕಾದೆವು.

ಬರಲಿಲ್ಲ.